ಕಣ್ಣಿಗೆ ಯಾವತ್ತಾದರೂ ಕಬ್ಬಿಣ ಬಿದ್ದಿದೆಯಾ?

ನಾನು ಓದು ಬಿಟ್ಟಿದ್ದು ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಬಡತನ ಬಿಡಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ನಮ್ಮದು ಬೈರಮಂಗಲದ ಕೆರೆ ಕೆಳಗೆ ಗದ್ದೆ ಇದ್ದ ಮನೆ. ಊಟಕ್ಕೆ ಕೊರತೆ ಇರಲಿಲ್ಲ. ಇಂಗ್ಲಿಷ್ ಮೇಷ್ಟ್ರು ಒಂದು ದಿನ ನನ್ನ ನೋಟ್‌ಬುಕ್ಕನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ, "ಇದು ಅಕ್ಷರವೋ, ಕೋಳಿ ಕೆದರಿದ್ದೋ?" ಎಂದರು. ಎಲ್ಲರೂ ನಕ್ಕರು. ನಾನು ಪುಸ್ತಕವನ್ನು ಅವರ ಕೈಯಲ್ಲೇ ಬಿಟ್ಟು ಎದ್ದು ಬಂದೆ. ಮರುದಿನ ಅಪ್ಪ ಬಾರುಕೋಲು ಹಿಡಿದು ಬೆನ್ನಟ್ಟಿದರೂ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಆ ವಾರವೇ ರಾಮನಗರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಂದು ಲೇತ್ ಅಂಗಡಿಗೆ ಸೇರಿಕೊಂಡೆ.

ಅಲ್ಲಿ ಕಲಿತದ್ದನ್ನು ಯಾವ ಕಾಲೇಜೂ ಕಲಿಸುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಕಬ್ಬಿಣ ಬೆರಳಿಗೆ ತಾಕಿದರೆ ಅದು ಹದವಾಗಿದೆಯೋ ಒರಟೋ ಗೊತ್ತಾಗುತ್ತಿತ್ತು. ಇಂಗ್ಲಿಷ್ ಓದಲು ಬಾರದಿದ್ದರೂ ಡ್ರಾಯಿಂಗ್ ಓದಲು ಬರುತ್ತಿತ್ತು. ಇಂಜಿನಿಯರುಗಳು ಹಾಳೆ ಹರಡಿದರೆ ತಪ್ಪು ಅಳತೆ ಎಲ್ಲಿದೆ ಎಂದು ನಾನೇ ಬೆರಳಿಟ್ಟು ತೋರಿಸಿದ್ದೇನೆ. ಬಿಡದಿಯಲ್ಲಿ ಕಾರಿನ ಫ್ಯಾಕ್ಟರಿ ಬಂದು, ಅದರ ಹಿಂದೆ ಸಾಲುಗಟ್ಟಿ ಸಣ್ಣಪುಟ್ಟ ಕಂಪನಿಗಳು ಬಂದಾಗ, ನಾನು ರಸ್ತೆ ಬದಿಯಲ್ಲಿ ಒಂದು ತಗಡಿನ ಶೆಡ್ ಹಾಕಿದೆ. ಸಾಮಾನು ಸಾಗಿಸುವ ಟ್ರಾಲಿ, ಬಿಡಿಭಾಗ ಜೋಡಿಸಿಡುವ ರ್‍ಯಾಕು, ಸ್ಟ್ಯಾಂಡು, ಇಂಥದ್ದು ನಮ್ಮ ಕೆಲಸ. ಬೆಳಿಗ್ಗೆ ಏಳಕ್ಕೆ ಗ್ರೈಂಡರ್ ಕೂಗಲು ಶುರುವಾದರೆ ಸಂಜೆಯವರೆಗೆ ಕಿಡಿ ಹಾರುತ್ತಲೇ ಇರುತ್ತಿತ್ತು.

ಕಿಡಿ ಹಾರುವ ಕಡೆ ಕಣ್ಣಿಗೆ ಬೀಳುವುದೂ ಇದ್ದದ್ದೇ. ಕನ್ನಡಕ ತಂದಿರಲಿಲ್ಲ ಅಂತಲ್ಲ. ಆರು ಜೊತೆ ತಂದು ಮೊಳೆಗೆ ನೇತು ಹಾಕಿದ್ದೆ, ಅವು ಅಲ್ಲೇ ಧೂಳು ತಿನ್ನುತ್ತಿದ್ದವು. ಹಾಕಿಕೊಂಡರೆ ಬೆವರಿಗೆ ಮಂಜು ಕಟ್ಟುತ್ತದೆ, ಗೀಟು ಕಾಣುವುದಿಲ್ಲ ಎಂದು ಹುಡುಗರು ಹೇಳುತ್ತಿದ್ದರು. ನಾನೇ ಹಾಕುತ್ತಿರಲಿಲ್ಲ, ಅವರಿಗೆ ಯಾವ ಬಾಯಲ್ಲಿ ಹೇಳಲಿ? ಚೂರು ಬಿದ್ದರೆ ನನ್ನ ಹತ್ತಿರ ಬರುತ್ತಿದ್ದರು. ಕಣ್ಣಿನಿಂದ ಕಬ್ಬಿಣ ತೆಗೆಯುವುದರಲ್ಲಿ ನಮ್ಮ ರಸ್ತೆಯಲ್ಲೇ ನನ್ನ ಕೈ ಹೆಸರಾಗಿತ್ತು. ಪಕ್ಕದ ಶೆಡ್‌ಗಳಿಂದಲೂ ಒಂದು ಕಣ್ಣು ಮುಚ್ಚಿಕೊಂಡು ನಡೆದು ಬರುತ್ತಿದ್ದರು. ಆಯಿಲ್ ಡ್ರಮ್ ಬೋರಲು ಹಾಕಿ ಬೆಳಕಿಗೆ ಎದುರಾಗಿ ಕೂರಿಸುತ್ತಿದ್ದೆ. ಬೆಂಕಿಕಡ್ಡಿ ಒತ್ತಿಟ್ಟು ಮೇಲಿನ ರೆಪ್ಪೆಯನ್ನು ಅದರ ಮೇಲೆ ಮಗುಚುತ್ತಿದ್ದೆ. ಒಡೆದ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ ಇತ್ತು. ಅದರ ಅಂಚನ್ನು ಹತ್ತಿರ ತಂದರೆ ಚೂರು ತಾನಾಗಿ ಅಂಟಿಕೊಂಡು ಬರುತ್ತಿತ್ತು. ಬರದಿದ್ದರೆ ಪಂಚೆಯ ಚುಂಗು. ಆಮೇಲೆ ಎರಡು ತೊಟ್ಟು ಹರಳೆಣ್ಣೆ. ತೆಗೆದ ಚೂರನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ತೋರಿಸುವುದು ನನ್ನ ಪದ್ಧತಿ. ಅದನ್ನು ನೋಡಿದ ಮೇಲೆ ಅವರ ನೋವು ಅರ್ಧ ಇಳಿಯುತ್ತಿತ್ತು. "ಡಾಕ್ಟ್ರ ತಾವ ಹೋಗಿದ್ರೆ ಇಡೀ ದಿನದ ಕೂಲಿ ಹೋಗ್ತಿತ್ತು" ಎನ್ನುತ್ತಾ ಎದ್ದು ಹೋಗುತ್ತಿದ್ದರು. ನನಗೆ ಅದೊಂದು ದೊಡ್ಡ ಹೆಮ್ಮೆ.

ನನ್ನ ಹೆಂಡತಿಯ ತಮ್ಮ ನಮ್ಮ ಶೆಡ್ಡಿಗೆ ಬಂದಾಗ ಅವನಿಗೆ ಇಪ್ಪತ್ತೈದರ ಮೇಲಾಗಿತ್ತು. ಮರಳವಾಡಿಯ ಕಡೆಯವರು ಅವರು. ಅವನಿಗಿಂತ ಹಿರಿಯಳಾದ ಇವಳೊಬ್ಬಳು, ಅವನೊಬ್ಬ. ನಮ್ಮ ಮಾವ ಅವನನ್ನು ತಂದು ಬಿಟ್ಟ ದಿನ, "ನಿಮ್ಮ ಕೈಗೆ ಹಾಕಿವ್ನಿ ಕಣಪ್ಪಾ, ಇನ್ನ ಬಡಿದ್ರೂ ನೀವೇ, ಬೆಳೆಸಿದ್ರೂ ನೀವೇ" ಎಂದಿದ್ದರು. ಬಡಿಯುವ ಸಂದರ್ಭ ಬರಲಿಲ್ಲ. ಮಾತಿನಲ್ಲಿ ಮುಳ್ಳು, ಕೈಯಲ್ಲಿ ಚುರುಕು. ಎರಡು ವರ್ಷಕ್ಕೆ ನನ್ನ ಸಮಕ್ಕೆ ವೆಲ್ಡಿಂಗ್ ಗೆರೆ ಎಳೆಯುತ್ತಿದ್ದ.

ಒಂದು ಮಧ್ಯಾಹ್ನ ಟ್ರಾಲಿಯ ಚಕ್ರದ ಪಿನ್ನು ಕಚ್ಚಿಕೊಂಡು ಬರಲೊಲ್ಲದು. ಅವನು ಉಳಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದ. ಪಕ್ಕದಲ್ಲೇ ಇನ್ನೊಬ್ಬ ಗ್ರೈಂಡಿಂಗ್ ಮಾಡುತ್ತಿದ್ದ. ಇದ್ದಕ್ಕಿದ್ದಂತೆ ಸುತ್ತಿಗೆ ಬಿಟ್ಟು ಎಡಗಣ್ಣಿಗೆ ಕೈ ಹಿಡಿದುಕೊಂಡ.

"ಭಾವ, ಕಣ್ಣಿಗೆ ಏನೋ ಹೊಡೀತು."

"ಬಾ ಇಲ್ಲಿ, ಕೂತ್ಕೊ. ಕಣ್ಣು ಮುಚ್ಕಬ್ಯಾಡ ಕಣ್ಲಾ."

"ನಾನೆಲ್ಲಿ ಮುಚ್ಕಂಡೆ? ಅದೇ ಮುಚ್ಕತದೆ."

ಗ್ರೈಂಡರ್ ನಿಲ್ಲಿಸಿದವನು ಅಲ್ಲಿಂದಲೇ ಕೂಗಿದ: "ನಿಮ್ಮ ಭಾವನ ಮಕ ಅಷ್ಟು ಹತ್ರಕ್ಕೆ ಬಂದ್ರೆ ಯಾರ ಕಣ್ಣಾದ್ರೂ ಮುಚ್ಕತದೆ ಬುಡು."

ರೆಪ್ಪೆ ಮಗುಚಿದೆ. ಒಳಗೆ ಕಪ್ಪು ಚೂರು ಒಂದಿತ್ತು. ಅಯಸ್ಕಾಂತಕ್ಕೆ ತಕ್ಷಣ ಬಂತು. ಉಗುರಿನ ಮೇಲಿಟ್ಟು ತೋರಿಸಿದೆ. "ನೋಡ್ಲಾ, ಗಸಗಸೆ ಕಾಳಿನ ಅರ್ಧ ಇಲ್ಲ. ಇದುಕ್ಕೆ ಇಷ್ಟು ರಂಪ."

ಅವನೂ ನಕ್ಕ. ಅರ್ಧ ಗಂಟೆಯಲ್ಲಿ ಮತ್ತೆ ಕೆಲಸಕ್ಕೆ ನಿಂತ. ಆಮೇಲೆ ನಾಲ್ಕೈದು ದಿನ, "ಭಾವ, ಕಣ್ಣ ಮುಂದೆ ಒಂದು ನೊಣ ಹಾರಾಡ್ದಂಗಾಯ್ತದೆ" ಎನ್ನುತ್ತಿದ್ದ. "ನೊಣ ಅಲ್ಲ ಅದು, ನಿನ್ನ ಸೋಮಾರಿತನ" ಎಂದೆ. ಒಂದು ವಾರ ಕಳೆದ ಮೇಲೆ ಅವನು ಹೇಳುವುದನ್ನು ಬಿಟ್ಟ. ನಾನು ಕೇಳುವುದನ್ನು ಮೊದಲೇ ಬಿಟ್ಟಿದ್ದೆ.

ಚೂರು ತೆಗೆದ ದಿನವೇ ಸಂಜೆ ಉಳಿಗಳನ್ನು ಎತ್ತಿಡುವಾಗ ಒಂದು ವಿಷಯ ನೋಡಿದ್ದೆ. ಅವನು ಬಡಿಯುತ್ತಿದ್ದ ಉಳಿಯ ತಲೆ ಏಟು ತಿಂದು ಅಣಬೆಯ ಹಾಗೆ ಹರಡಿತ್ತು. ಅದರ ಅಂಚಿನಲ್ಲಿ ಒಂದು ಕಡೆ ಚಿಕ್ಕ ಗಾಯ, ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹೊಸದಾಗಿ ಚಕ್ಕೆ ಎದ್ದ ಗುರುತು. ಆ ಅಂಚನ್ನು ಗ್ರೈಂಡರಿಗೆ ಹಿಡಿದು ನುಣ್ಣಗೆ ಮಾಡಿ, ಉಳಿಯನ್ನು ಜಾಗದಲ್ಲಿಟ್ಟೆ. ಆ ಚಕ್ಕೆ ಎಲ್ಲಿಗೆ ಹೋಯಿತು ಎಂದು ಯೋಚಿಸಲಿಲ್ಲ.

ಇದಾಗಿ ಎರಡು ವರ್ಷದ ಮೇಲೆ, ಎರಡು ಸಾವಿರದ ಏಳರಲ್ಲಿ ಇರಬೇಕು, ಅವನ ಬಲಗೈ ಸೋಲತೊಡಗಿತು. ಮೊದಲು ಬೆರಳ ತುದಿ ಜೋಮು ಹಿಡಿಯುತ್ತದೆ ಎಂದ. ಆಮೇಲೆ ಸುತ್ತಿಗೆ ಕೈಯಿಂದ ಜಾರುತ್ತಿತ್ತು. ಒಂದು ದಿನ ಟೀ ಲೋಟವೇ ಬಿತ್ತು. ರಾಮನಗರದ ಡಾಕ್ಟರು ಕುತ್ತಿಗೆ ಒತ್ತಿ ನೋಡಿ, ಮೂಳೆಯ ಹತ್ತಿರ ನರ ಎಲ್ಲೋ ಅಮುಕಿಕೊಂಡಿದೆ, ಎಲ್ಲಿ ಎಂದು ತಿಳಿಯಲು ಎಂಆರ್‌ಐ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ ಎಂದು ಬರೆದುಕೊಟ್ಟರು. ಕೈ ಹೋದರೆ ನಮ್ಮ ಕೆಲಸದವನಿಗೆ ಉಳಿಯುವುದೇನು? ಮರುದಿನವೇ ಬಿಡದಿಯಿಂದ ರೈಲು ಹತ್ತಿ ಬೆಂಗಳೂರಿಗೆ ಹೊರಟೆವು. ಹತ್ತುವ ಮೊದಲು ಸ್ಟೇಷನ್ ಹೊರಗೆ ತಟ್ಟೆ ಇಡ್ಲಿ ತಿಂದೆವು. ಅವನು ಎಡಗೈಯಲ್ಲಿ ತಿಂದ. "ಯಾರಾದ್ರೂ ನೋಡಿದ್ರೆ ಮದ್ವೆಗೆ ಹೆಣ್ಣು ಕೊಡಲ್ಲ ಭಾವ" ಎಂದ. "ಬಲಗೈಯಲ್ಲಿ ತಿಂದಾಗ್ಲೂ ಯಾರೂ ಕೊಡ್ಲಿಲ್ವಲ್ಲ" ಎಂದೆ. ನಗುತ್ತಾ ರೈಲು ಹತ್ತಿದ್ದು ನೆನಪಿದೆ.

ಸ್ಕ್ಯಾನ್ ಮಾಡುವ ಜಾಗ ನೆಲಮಾಳಿಗೆಯಲ್ಲಿತ್ತು. ಗಾಜಿನ ಬಾಗಿಲು, ಎಸಿ, ನುಣ್ಣನೆ ನೆಲ. ನಾವಿಬ್ಬರೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿದ್ದೆವು. ಮುಂದಿನ ಮೇಜಿನ ಹುಡುಗ ಹೆಸರು, ವಯಸ್ಸು ಬರೆದುಕೊಂಡು, ತಲೆ ಎತ್ತದೆ, "ಕೆಲಸ? ಕೂಲಿನಾ?" ಎಂದ.

ಅವನು ಕೆಟ್ಟ ಮನಸ್ಸಿನಿಂದ ಕೇಳಿರಲಿಕ್ಕಿಲ್ಲ. ಆದರೆ ಆ ಮಾತು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. "ನಮ್ದೇ ಫ್ಯಾಕ್ಟ್ರಿ ಐತೆ ಬಿಡದೀಲಿ. ಇವ್ನು ಅಲ್ಲಿ ಸೂಪರ್‌ವೈಸರು. ಬರ್ಕೊ" ಎಂದೆ. ಭಾಮೈದ ನನ್ನ ಮುಖ ನೋಡಿ ತುಟಿ ಕಚ್ಚಿಕೊಂಡು ನಗು ತಡೆದ.

ಆಮೇಲೆ ಒಬ್ಬ ಹೆಣ್ಣುಮಗಳು ಬಂದಳು. ಮಿಷಿನ್ ನಡೆಸುವ ಟೆಕ್ನಿಶಿಯನ್. ಕನ್ನಡಕ ಹಾಕಿದ್ದಳು, ವಯಸ್ಸು ಹೆಚ್ಚಿಲ್ಲ, ಮಾತು ಮೆದು. ಕೈಯಲ್ಲಿ ಎರಡು ಹಾಳೆ, ಪೂರ್ತಿ ಇಂಗ್ಲಿಷು.

"ಇದರಲ್ಲಿರೋ ಪ್ರಶ್ನೆಗಳನ್ನ ಕನ್ನಡದಲ್ಲಿ ಓದಿ ಹೇಳ್ಲಾ ಸರ್?"

"ಬ್ಯಾಡ ತಾಯಿ. ನಾನು ದಿನಾ ಡ್ರಾಯಿಂಗ್ ಓದೋನು" ಎಂದು ಹಾಳೆ ಕೈಗೆ ತೆಗೆದುಕೊಂಡೆ. ಎರಡು ಕಂಬ ಇದ್ದವು. 'ಯೆಸ್' ಒಂದು, 'ನೋ' ಒಂದು. ಅಷ್ಟು ನನಗೆ ಗೊತ್ತು. ಅವನಿಗೆ ಇರುವ ಕಾಯಿಲೆ ಕೈಯದು ಒಂದೇ. ಮೇಲಿನಿಂದ ಕೆಳಗಿನವರೆಗೆ 'ನೋ' ಕಂಬದಲ್ಲಿ ಒಂದೊಂದಾಗಿ ಗೀಟು ಹಾಕಿದೆ. ಕೆಳಗೆ, ಜೊತೆಗೆ ಬಂದವರು ಎಂಬ ಕಡೆ ಸಹಿ ಮಾಡಿದೆ. ಅವನೂ ಎಡಗೈಯಲ್ಲಿ ಸಹಿ ಗೀಚಿದ.

ಅವಳು ಹಾಳೆ ನೋಡಿದಳು. ಅಲ್ಲಿಗೆ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಎದುರು ಕೂತು, "ಆದ್ರೂ ಒಂದ್ಸಲ ಬಾಯಲ್ಲಿ ಕೇಳ್ಬೇಕು ಸರ್, ನಮ್ಮ ನಿಯಮ" ಎಂದು ಶುರು ಮಾಡಿದಳು.

"ಎದೇಲಿ ಪೇಸ್‌ಮೇಕರ್ ಇದೆಯಾ? ಹೃದಯ ನಡೆಸೋ ಮಿಷಿನ್ನು?"

"ಇಲ್ಲ ಮೇಡಂ."

"ತಲೆ ಆಪರೇಷನ್ ಆಗಿ ಒಳಗೆ ಕ್ಲಿಪ್ ಹಾಕಿದಾರಾ? ಮೂಳೆಗೆ ರಾಡು, ಸ್ಕ್ರೂ? ಕಿವಿಯೊಳಗೆ ಮಿಷಿನ್ನು?"

"ಇಲ್ಲ."

"ಬಂದೂಕಿನ ಗುಂಡು ತಾಗಿದ್ದುಂಟಾ? ಮೈಯೊಳಗೆ ಅದರ ಚೂರು?"

"ನಮ್ಮಕ್ಕನ ಮಾತು ಬುಟ್ರೆ ಇನ್ನ್ಯಾವ ಗುಂಡೂ ತಾಗಿಲ್ಲ ಮೇಡಂ."

ಅವಳಿಗೂ ನಗು ಬಂತು. ನಾನೂ ನಕ್ಕೆ. ನಗುವಿನ ಮಧ್ಯೆಯೇ ಮುಂದಿನ ಪ್ರಶ್ನೆ ಬಂತು.

"ಕಣ್ಣಿಗೆ ಯಾವತ್ತಾದರೂ ಕಬ್ಬಿಣ ಬಿದ್ದಿದೆಯಾ? ಗ್ರೈಂಡಿಂಗು, ವೆಲ್ಡಿಂಗು ಮಾಡುವಾಗ?"

ಅವನು ನನ್ನ ಕಡೆ ತಿರುಗಿದ. ಉತ್ತರ ಹೇಳಬೇಕಾದವನು ನಾನು ಎಂಬ ಹಾಗೆ.

"ಇಲ್ಲ" ಎಂದೆ ನಾನು.

"ಅವರೇ ಹೇಳ್ಲಿ ಸರ್."

"ಭಾವ ಹೇಳ್ದಂಗೆ ಮೇಡಂ" ಎಂದ ಅವನು.

"ಇದ್ರೆ ಹೇಳಿ, ಭಯ ಏನಿಲ್ಲ. ಮೊದಲು ಕಣ್ಣಿಂದು ಒಂದು ಎಕ್ಸ್‌ರೇ ತೆಗೀತೀವಿ ಅಷ್ಟೇ. ಒಳಗಿರೋದು ತುಂಬ ಜೋರಾದ ಮ್ಯಾಗ್ನೆಟ್ಟು. ಕಣ್ಣೊಳಗೆ ಚೂರಿದ್ರೆ ಅಲ್ಲಾಡಿಬಿಡುತ್ತೆ."

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಒಂದು: ಬಿದ್ದದ್ದನ್ನು ತೆಗೆದಾಗಿದೆ, ನಾನೇ ತೆಗೆದದ್ದು, ತೆಗೆದ ಮೇಲೆ ಬಿದ್ದಿತ್ತು ಎಂದು ಯಾಕೆ ಹೇಳಬೇಕು? ಇನ್ನೊಂದು: ಗ್ರೈಂಡಿಂಗ್ ಮಾಡುತ್ತಾನೆ ಎಂದರೆ, ಸೂಪರ್‌ವೈಸರು ಎಂದು ಬರೆಸಿದ ಮಾತು ಆ ಮೇಜಿನ ಹುಡುಗನ ಎದುರು ಸುಳ್ಳಾಗುತ್ತದೆ. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ, ಎರಡನೆಯದು.

"ಅವ್ನು ಕೆಲ್ಸ ಮಾಡ್ಸೋನು ತಾಯಿ, ಮಾಡೋನಲ್ಲ. ಬಿದ್ದಿಲ್ಲ" ಎಂದೆ.

ಅವಳು ಹಾಳೆಯ ಮೇಲೆ ತನ್ನ ಸಹಿ ಹಾಕಿದಳು. ಆಮೇಲೆ ಮೈಮೇಲಿನ ಲೋಹವನ್ನೆಲ್ಲ ತೆಗೆಸಿದಳು. ವಾಚು, ಬೆಲ್ಟು, ಉಡಿದಾರದ ಬೆಳ್ಳಿ ಗುಂಡು. ತೋಳಿನಲ್ಲಿ ಅವರಮ್ಮ ಕಟ್ಟಿದ್ದ ತಾಯಿತ ಬಿಚ್ಚಲು ಅವನು ಒಪ್ಪಲಿಲ್ಲ. "ಒಳಗೆ ತಗಡು ಇರುತ್ತೆ, ತಂತಿ ಇರುತ್ತೆ, ಬಿಸಿ ಆಗ್ಬಹುದು" ಎಂದು ಅವಳು ಹತ್ತು ನಿಮಿಷ ಸಮಾಧಾನ ಹೇಳಿ ಬಿಚ್ಚಿಸಿದಳು. ಅಷ್ಟು ಜಾಗ್ರತೆ ಇದ್ದವಳು. ತಾಯಿತವನ್ನು ಅವನು ನನ್ನ ಕೈಗೆ ಕೊಟ್ಟ. "ನೀವು ಕಟ್ಕಬ್ಯಾಡಿ ಭಾವ, ನಿಮಗೆ ಹಿಡ್ದಿರೋ ದೆವ್ವಕ್ಕೆ ಇದು ಸಾಲಲ್ಲ" ಎಂದು ಹೇಳಿ ಒಳಗೆ ಹೋದ.

ಬಾಗಿಲು ಮುಚ್ಚುವ ಮೊದಲು ಕಂಡದ್ದಿಷ್ಟು: ಅವನನ್ನು ಮಲಗಿಸಿ, ಕುತ್ತಿಗೆಗೆ ಒಂದು ಪಂಜರದಂಥದ್ದು ಕಟ್ಟಿ, ಎಡಗೈಗೆ ಒಂದು ರಬ್ಬರ್ ಬುಗ್ಗೆ ಕೊಟ್ಟಳು. "ಏನೇ ತೊಂದ್ರೆ ಆದ್ರೂ ಇದನ್ನ ಅಮುಕಿ, ತಕ್ಷಣ ನಿಲ್ಲಿಸ್ತೀನಿ." ಹಲಗೆ ಅವನನ್ನು ಹೊತ್ತುಕೊಂಡು ನಿಧಾನಕ್ಕೆ ಆ ದೊಡ್ಡ ಉಂಗುರದೊಳಗೆ ಸರಿಯಿತು.

ಹೊರಗೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಡಿತ ಶುರುವಾಯಿತು. ತಗಡಿನ ಮೇಲೆ ಸುತ್ತಿಗೆ ಬಿದ್ದ ಹಾಗೆ, ಒಂದೇ ಸಮ. ನಮ್ಮ ಶೆಡ್ಡಿನ ಸದ್ದೇ ಬಂದಂತಾಗಿ ಒಂದು ಕ್ಷಣ ಹಿತವೆನಿಸಿತು. ನೆಲ ಒರೆಸುತ್ತಿದ್ದವನು ಆಗಲೇ ನಮ್ಮ ಮಾತಿನ ಧಾಟಿ ಕೇಳಿದ್ದನೇನೋ, "ಯಾವ ಕಡೆ ಅಣ್ಣ? ನಮ್ದು ಕನಕಪುರ" ಎಂದು ಹತ್ತಿರ ಬಂದ. ಅವನ ಕೈಯಲ್ಲಿದ್ದ ಬಕೆಟ್ಟು, ಕೋಲು ಎಲ್ಲವೂ ಪ್ಲಾಸ್ಟಿಕ್.

"ಇಲ್ಲಿ ಕಬ್ಬಿಣದ ಸಾಮಾನೇ ಇಟ್ಟಿಲ್ವಾ?" ಎಂದೆ.

"ಅಯ್ಯೋ, ಹತ್ರಕ್ಕೂ ತರಂಗಿಲ್ಲ. ನಾನು ಮೊದ್ಲು ಇದ್ದ ಕಡೆ ಹೊಸಬ ಒಬ್ಬ ಕಬ್ಬಿಣದ ಸ್ಟೂಲ್ ಹಿಡ್ಕೊಂಡು ಬಾಗ್ಲು ದಾಟ್ಬುಟ್ಟ. ಕೈಯಿಂದ ಕಿತ್ಕೊಂಡು ಹಾರೋಗಿ ಮಿಷಿನ್‌ಗೆ ಅಂಟ್ಕೊಂತು ಕಣಣ್ಣ. ನಾಕು ಜನ ಎಳುದ್ರೂ ಬರ್ಲಿಲ್ಲ."

"ಕರೆಂಟ್ ಆಫ್ ಮಾಡ್ಬುಟ್ರೆ ಆಯ್ತಪ್ಪ."

"ಅದು ಆಫ್ ಆಗೋ ಮ್ಯಾಗ್ನೆಟ್ ಅಲ್ವಂತೆ. ಸ್ಕ್ಯಾನ್ ಇರ್ಲಿ ಬುಡ್ಲಿ, ಯಾವಾಗ್ಲೂ ಎಳೀತಾನೆ ಇರ್ತದಂತೆ."

ಅವನು ಬಕೆಟ್ ತೆಗೆದುಕೊಂಡು ಮುಂದಕ್ಕೆ ಹೋದ. ನಾನು ಸ್ಟೂಲಿನ ಬಗ್ಗೆ ಯೋಚಿಸುತ್ತಾ ಕೂತೆ. ಕಬ್ಬಿಣದವನು ನಾನು, ಎಷ್ಟು ತೂಕದ ಸ್ಟೂಲು, ಎಷ್ಟು ಎಳೆತ ಬೇಕು ಎಂದು ಲೆಕ್ಕ ಹಾಕುವುದು ನನ್ನ ಸ್ವಭಾವ. ನನ್ನ ಸ್ಪೀಕರಿನ ಅಯಸ್ಕಾಂತ ಇದರ ಮುಂದೆ ಏನೂ ಅಲ್ಲ. ರೆಪ್ಪೆಯ ಮೇಲೆ ಸಡಿಲವಾಗಿ ಕೂತ ಧೂಳು ಮಾತ್ರ ಅದಕ್ಕೆ ಬರುತ್ತದೆ. ಒಳಗೆ ನಾಟಿದ್ದು ಬರುವುದಿಲ್ಲ. ಹಾಗಂದುಕೊಂಡ ಗಳಿಗೆಯಲ್ಲಿ ಆ ಉಳಿಯ ತಲೆ ಕಣ್ಣ ಮುಂದೆ ಬಂತು. ಅಂಚಿನ ಗಾಯ, ಒಳಗಿನ ಬೆಳ್ಳಿ ಹೊಳಪು. ನಾನು ಉಗುರಿನ ಮೇಲೆ ತೋರಿಸಿದ ಚೂರು ಕಪ್ಪಗಿತ್ತು, ಗ್ರೈಂಡಿಂಗಿನಲ್ಲಿ ಸುಟ್ಟು ಉಂಡೆಯಾದದ್ದು. ಉಳಿಯಿಂದ ಎದ್ದದ್ದು ಅದಲ್ಲ. ಅವತ್ತು ಬಿದ್ದದ್ದು ಎರಡು. ತೆಗೆದದ್ದು ಒಂದು.

ಇದು ಹೊಳೆದ ತಕ್ಷಣ ನಾನು ಎದ್ದು ಓಡಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಎದ್ದು ಓಡಲಿಲ್ಲ. ಕೂತಿದ್ದೆ. ಬಡಿತದ ಒಂದು ಸುತ್ತು ಮುಗಿಯಿತು, ಸ್ವಲ್ಪ ಮೌನ, ಇನ್ನೊಂದು ಬೇರೆ ಥರದ ಬಡಿತ ಶುರುವಾಯಿತು. ಅದು ಮುಗಿಯುವವರೆಗೂ ಕೂತಿದ್ದೆ. ಇಷ್ಟರಲ್ಲಿ ಮುಗಿದೇ ಹೋಗುತ್ತದೆ, ಇಷ್ಟು ಹೊತ್ತು ಏನೂ ಆಗಿಲ್ಲವಲ್ಲ, ಆಗಿದ್ದರೆ ಅವನು ಬುಗ್ಗೆ ಅಮುಕುತ್ತಿದ್ದ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ, ಆ ಹುಡುಗಿಯ ಎದುರು ಹೋಗಿ, ನಾನು ಹೇಳಿದ್ದು ಸುಳ್ಳು ಎನ್ನಲು ನಾನು ಸಿದ್ಧನಿರಲಿಲ್ಲ. ಮೂರನೇ ಬಡಿತ ಶುರುವಾದಾಗ ಎದ್ದೆ.

ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕೂತಿದ್ದಳು. "ತಾಯಿ, ನಿಲ್ಸಿ. ಬಿದ್ದಿತ್ತು. ಎರಡು ವರ್ಷದ ಹಿಂದೆ. ನಾನೇ ತೆಗ್ದೆ, ಆದ್ರೆ ಇನ್ನೊಂದು ಒಳಗೈತೆ ಅನ್ಸ್ತದೆ."

ಅವಳು ಬೈಯಲಿಲ್ಲ. ತಕ್ಷಣ ಒಂದು ಬಟನ್ ಒತ್ತಿದಳು. ಸದ್ದು ನಿಂತಿತು. ಮೈಕಿನಲ್ಲಿ ಅವನಿಗೆ ಅಲುಗಾಡಬೇಡಿ, ನಿಧಾನ, ಎಂದು ಹೇಳಿ ಡಾಕ್ಟರನ್ನು ಕರೆಸಿದಳು. ಇಬ್ಬರೂ ಸೇರಿ ಹಲಗೆಯನ್ನು ಬಹಳ ನಿಧಾನಕ್ಕೆ ಹೊರಗೆ ತಂದರು. ಅವನ ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು.

"ಒಳಗೆ ಹೋಗುವಾಗ್ಲೇ ಕಣ್ಣಲ್ಲಿ ಏನೋ ಚಳಕ್ ಅಂತು ಭಾವ" ಎಂದ. "ಆಮ್ಯಾಕೆ ಮಬ್ಬು. ಈ ಮಿಷಿನ್ನೇ ಹಿಂಗಿರ್ಬೇಕು ಅನ್ಕೊಂಡೆ."

"ಬುಗ್ಗೆ ಯಾಕ್ಲಾ ಅಮುಕ್ಲಿಲ್ಲ?"

"ನೀವು ಇಲ್ಲ ಅಂದಿದ್ರಲ್ಲ. ನಾನು ಐತೆ ಅಂದ್ರೆ ನಿಮ್ಮ ಮಾತು ಏನಾಯ್ತದೆ?"

ನೀರು ಒರೆಸಲು ಅವನ ಕಣ್ಣಿನ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಎಕ್ಸ್‌ರೇಯಲ್ಲಿ ಕಣ್ಣಿನ ಗುಳಿಯೊಳಗೆ ಒಂದು ಬಿಳಿ ಚುಕ್ಕೆ. ಪೆನ್ಸಿಲ್ ಮೊನೆಯಷ್ಟು. ಅವರೇ ವ್ಯವಸ್ಥೆ ಮಾಡಿ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಚೂರು ಜಾಗ ಬಿಟ್ಟು ಸರಿದಿದೆ, ಸರಿಯುವಾಗ ಹಿಂದಿನ ಪದರ ಸೀಳಿದೆ, ಒಳಗೆ ರಕ್ತ ತುಂಬಿದೆ ಎಂದರು. "ಸುತ್ತಿಗೆ ಏಟಿಗೆ ಹಾರೋ ಚೂರು ಗುಂಡಿನ ಹಾಗೆ ಒಳಗೆ ಹೋಗಿಬಿಡುತ್ತೆ. ಹೋದ ದಾರಿ ಮುಚ್ಚಿಕೊಳ್ಳುತ್ತೆ. ನೋವೂ ಹೆಚ್ಚಿರಲ್ಲ. ಅವತ್ತೇ ಯಾರಿಗಾದ್ರೂ ತೋರಿಸಿದ್ರಾ?"

"ನಮ್ಮ ಭಾವಂಗೆ ತೋರಿಸ್ದೆ ಸಾರ್" ಎಂದ ಅವನು. ಡಾಕ್ಟರು ನನ್ನ ಕೈ ನೋಡಿದರು. ಮುಖ ನೋಡಿದ್ದರೆ ಚೆನ್ನಾಗಿತ್ತು.

ಅವನನ್ನು ಆಪರೇಷನ್ನಿಗೆ ತಯಾರು ಮಾಡುವಾಗ ನಾನು ಡಾಕ್ಟರನ್ನು ಬಾಗಿಲ ಬಳಿ ಹಿಡಿದು ಕೇಳಿದೆ: ಬೇಗ ನಿಲ್ಲಿಸಿದ್ದರೆ ಉಳಿಯುತ್ತಿತ್ತಾ? ಅವರು, "ಹೇಳೋಕಾಗಲ್ಲ. ಒಳಗೆ ಹೋಗುವಾಗ ಸರಿದಿರಬಹುದು, ಒಳಗಿದ್ದಾಗ ಸರಿದಿರಬಹುದು, ಹೊರಗೆ ತರುವಾಗಲೂ ಇರಬಹುದು" ಎಂದರು. ಸಮಾಧಾನಕ್ಕೆ ಹೇಳಿದ್ದಿರಬಹುದು. ನಾನು ಬೆಂಚಿನ ಮೇಲೆ ಕೂತಿದ್ದ ಹೊತ್ತು ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ತಪ್ಪು ಎಷ್ಟು ಎಂದು ಅಳೆದು ಹೇಳಿದ್ದರೆ ಹೊತ್ತುಕೊಳ್ಳುವುದು ಸುಲಭವಾಗುತ್ತಿತ್ತು.

ಚೂರು ತೆಗೆದರು. ರಕ್ತ ತೆಗೆದರು. ಮತ್ತೆ ಒಂದು ಆಪರೇಷನ್ ಮಾಡಿದರು. ಕಣ್ಣು ಮೇಲೆ ನೋಡಲು ಹಾಗೆಯೇ ಇದೆ. ಅದಕ್ಕೆ ಬೆಳಕು ಕಾಣುತ್ತದೆ. ಎದುರು ಕೈ ಆಡಿಸಿದರೆ ಏನೋ ಆಡಿತು ಎಂದು ಗೊತ್ತಾಗುತ್ತದೆ. ಮುಖ ಕಾಣುವುದಿಲ್ಲ.

ಊರಿಗೆ ಬಂದ ಮೇಲೆ ಸುದ್ದಿ ಬೇರೆಯೇ ಆಗಿ ಹಬ್ಬಿತ್ತು. ಕೈಗೆಂದು ಹೋದವನ ಕಣ್ಣನ್ನು ಬೆಂಗಳೂರಿನವರು ಕಳೆದರಂತೆ. ನಮ್ಮ ಮಾವ ಮರಳವಾಡಿಯಿಂದ ಬಂದು ಜಗುಲಿಯ ಮೇಲೆ ಕೂತರು. ಎರಡು ಟೆಂಪೊ ಜನ ಹೊರಡಲು ತಯಾರಾಗಿದ್ದಾರೆ, ಗಾಜು ಒಡೆದು ಬರೋಣ, ಆಮೇಲೆ ಕೇಸ್ ಹಾಕೋಣ ಎಂದರು. "ಆ ಹುಡ್ಗಿ ಯಾವಳು? ಕಣ್ಣೊಳಗೆ ಏನಾರ ಐತೋ ಇಲ್ವೋ ಕೇಳ್ದೆ ಒಳಿಕ್ಕೆ ತಳ್ಬುಟ್ಳಾ?"

ಒಂದು ಮಾತೂ ಆಡದೆ ಸುಮ್ಮನಿದ್ದರೆ ಸಾಕಿತ್ತು. ಎಲ್ಲ ಅವಳ ತಲೆಯ ಮೇಲೆ ಹೋಗುತ್ತಿತ್ತು. ಎರಡು ದಿನ ಸುಮ್ಮನೆ ಇದ್ದೆ ಕೂಡ. ಭಾಮೈದನೂ ಬಾಯಿ ಬಿಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂತು, ಅಪ್ಪ ಕೂಗಾಡಿದಾಗಲೆಲ್ಲ ನೆಲ ನೋಡುತ್ತಿದ್ದ. ಮೂರನೇ ದಿನ ಬೆಳಿಗ್ಗೆ ಮುದ್ದೆ ಬಡಿಸುತ್ತಾ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು:

"ಅವರು ಕೇಳುದ್ರಂತಲ್ಲ. ನೀವು ಇಲ್ಲ ಅಂದ್ಬುಟ್ರಂತೆ?"

"ಯಾರಂದ್ರು?"

"ಯಾರೂ ಅನ್ನಲಿಲ್ಲ. ಅವ್ನು ನಿದ್ದೆಗಣ್ಣಲ್ಲಿ ಗೊಣಗ್ತಾ ಇದ್ದ."

ಊಟ ಬಿಟ್ಟು ಜಗುಲಿಗೆ ಬಂದೆ. ಮಾವನ ಎದುರು ನಿಂತೆ. "ಆ ಹೆಣ್ಮಗಳು ಎರಡು ಸಲ ಕೇಳುದ್ಲು ಮಾವ. ಕನ್ನಡ್ದಲ್ಲೇ ಕೇಳುದ್ಲು. ಎರಡು ಸಲಾನೂ ನಾನೇ ಇಲ್ಲ ಅಂದೆ. ಹಾಳೆ ಮ್ಯಾಲೆ ನನ್ನ ಸಹಿ ಐತೆ. ಹೊಡಿಯಂಗಿದ್ರೆ ನಂಗೆ ಹೊಡೀರಿ, ಟೆಂಪೊ ವಾಪಸ್ ಕಳ್ಸಿ."

ಅವರು ಹೊಡೆಯಲಿಲ್ಲ. ತಮ್ಮ ಟವಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಯಾಕೆ ಇಲ್ಲ ಅಂದೆ?" ಎಂದು ಏಕವಚನದಲ್ಲಿ ಕೇಳಿದರು. ಅಳಿಯನಾದ ಮೇಲೆ ಅವರು ನನ್ನನ್ನು ಹಾಗೆ ಮಾತಾಡಿಸಿದ್ದು ಅದೇ ಮೊದಲು. ಕೂಲಿನಾ ಎಂದು ಕೇಳಿದರು, ಅದಕ್ಕೆ, ಎಂದು ಹೇಳಬೇಕಿತ್ತು. ತೆಗೆದಿದ್ದೆ ಎಂದುಕೊಂಡಿದ್ದೆ, ಎಂದಷ್ಟೇ ಹೇಳಿದೆ. ಬೆಂಚಿನ ಮೇಲೆ ಕೂತಿದ್ದನ್ನು ಹೇಳಲೇ ಇಲ್ಲ. ಅದನ್ನು ಹೇಳುತ್ತಿರುವುದು ಇಲ್ಲಿ, ಈಗ. ಮಾವ ತೀರಿಕೊಂಡು ಆರು ವರ್ಷವಾಯಿತು.

ಕುತ್ತಿಗೆಗೆ ಬೇರೆ ಥರದ ಸ್ಕ್ಯಾನ್ ಮಾಡಿ, ಪಟ್ಟಿ ಕಟ್ಟಿ, ವ್ಯಾಯಾಮ ಹೇಳಿಕೊಟ್ಟರು. ಕೈ ಮುಕ್ಕಾಲು ಪಾಲು ಬಂತು. ಅವನು ಶೆಡ್ಡಿಗೆ ವಾಪಸ್ ಬಂದ. ಮೊದಲ ದಿನ ಸುತ್ತಿಗೆ ಹಿಡಿದ. ಒಂದೇ ಕಣ್ಣಿಗೆ ದೂರ ಸರಿಯಾಗಿ ಸಿಗುವುದಿಲ್ಲ, ಏಟು ಮೊಳೆಯ ಪಕ್ಕಕ್ಕೆ ಬಿತ್ತು. ಎರಡನೆಯದೂ ಪಕ್ಕಕ್ಕೆ. ಯಾರೂ ನಗಲಿಲ್ಲ. "ನಗ್ರೋ, ದುಡ್ಡೇನೂ ಕೇಳಲ್ಲ" ಎಂದು ಅವನೇ ಹೇಳಿದ. ಈಗ ಬಂದ ಸಾಮಾನು, ಹೋದ ಸಾಮಾನು ನೋಡಿಕೊಳ್ಳುತ್ತಾನೆ. ಬಂದವರು ಕೇಳಿದರೆ, ಸೂಪರ್‌ವೈಸರು ಎನ್ನುತ್ತಾನೆ. ಹೇಳುವಾಗ ನನ್ನ ಕಡೆ ನೋಡುವುದಿಲ್ಲ. ಅದು ಕರುಣೆಯೋ ಕೋಪವೋ ನನಗೆ ಗೊತ್ತಿಲ್ಲ.

ಈಗ ಯಾರಿಗೆ ಕಣ್ಣಿಗೆ ಏನು ಬಿದ್ದರೂ ನಾನು ಮುಟ್ಟುವುದಿಲ್ಲ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತೇನೆ. ಕನ್ನಡಕ ಹಾಕದವನಿಗೆ ಗ್ರೈಂಡರ್ ಕೊಡುವುದಿಲ್ಲ. ನಮ್ಮ ಸುತ್ತಮುತ್ತ ಯಾರಾದರೂ ಸ್ಕ್ಯಾನಿಗೆ ಹೊರಟರು ಎಂದು ಗೊತ್ತಾದರೆ ಮನೆಗೇ ಹೋಗಿ ಕೇಳುತ್ತೇನೆ: ಆಪರೇಷನ್ ಆಗಿತ್ತಾ, ರಾಡ್ ಹಾಕಿಸಿದ್ದೀಯಾ, ಹಂದಿ ಬೇಟೆಗೆ ಹೋದಾಗ ಚೂರುಗೀರು ತಾಗಿತ್ತಾ, ಕಬ್ಬಿಣದ ಕೆಲಸ ಮಾಡಿದ್ದೀಯಾ, ಇದ್ದದ್ದನ್ನು ಇದ್ದ ಹಾಗೆ ಹೇಳು. "ಇವ್ನು ಲಾಯರ್ ಆಗ್ಬೇಕಿತ್ತು ಕಣ್ಲಾ" ಎಂದು ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಈಗ ನನ್ನಲ್ಲಿರುವುದು ಇಷ್ಟು. ಬಿಡದಿ ರಸ್ತೆಯಲ್ಲಿ ಒಂದು ಶೆಡ್ಡು. ಎರಡು ಲೇತು, ಮೂರು ವೆಲ್ಡಿಂಗ್ ಮಿಷಿನ್ನು, ನಾಲ್ಕು ಗ್ರೈಂಡರು. ಬೈರಮಂಗಲದಲ್ಲಿ ಅಪ್ಪನಿಂದ ಬಂದ ಒಂದು ಎಕರೆ. ಹೆಂಡತಿ, ಒಬ್ಬ ಮಗಳು. ಶೆಡ್ಡಿನಲ್ಲಿ ಹನ್ನೊಂದು ಜನ, ನಾನು ಸೇರಿ ಹನ್ನೆರಡು. ಕಣ್ಣು ಇಪ್ಪತ್ತಮೂರು.